ಆರೋಗ್ಯದ ತಿಳಿವಳಿಕೆ ಮನೆಮನೆ ಸೇರಬೇಕೇ? ವೈದ್ಯಕೀಯ ಕಾಲೇಜುಗಳಿಗೆ ಏಳು ಸೂತ್ರಗಳು

ಜನಜಾಗೃತಿ ಶಿಬಿರ ಮುಗಿದ ಮೇಲೆ ಎಷ್ಟು ಜನ ಬಂದಿದ್ದರು ಎಂದು ವರದಿ ಬರೆಯುತ್ತೇವೆ. ಬಂದವರು ಮನೆಗೆ ಹೋಗಿ ಏನು ಮಾಡಿದರು ಎಂದು ಯಾರೂ ಬರೆಯುವುದಿಲ್ಲ. ಅದನ್ನು ಹುಡುಕಿ ನೋಡುವುದೇ ವಿಶ್ವವಿದ್ಯಾಲಯದ ಕೆಲಸ ಎಂದು ನಾನು ನಂಬಿದ್ದೇನೆ.

1. ಓದಿಸಿದರೆ ಸಾಲದು, ಮಾಡಿಸಿ ನೋಡಿ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 395 ರೋಗಿಗಳಿಗೆ ಔಷಧಿ ಬಾಟಲಿಗಳ ಚೀಟಿ ಓದಲು ಕೊಟ್ಟಿದ್ದರು. ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಎಂಬುದನ್ನು ಓದು ಕಡಿಮೆ ಇದ್ದವರಲ್ಲೂ ನೂರಕ್ಕೆ 71 ಮಂದಿ ಸರಿಯಾಗಿ ಹೇಳಿದರು. ದಿನಕ್ಕೆ ಎಷ್ಟು ಮಾತ್ರೆ ಎಂದು ಸರಿಯಾಗಿ ಎಣಿಸಿ ತೋರಿಸಿದವರು ಅವರಲ್ಲಿ ನೂರಕ್ಕೆ 35 ಮಂದಿ ಮಾತ್ರ. ನಮ್ಮ ಚೀಟಿಗಳ ಮೇಲಿನ 1-0-1 ಯಾರಿಗೆ ಹೇಗೆ ಅರ್ಥವಾಗುತ್ತಿದೆ? ಒಳ್ಳೆಯ ಸ್ನಾತಕೋತ್ತರ ಪ್ರಬಂಧಕ್ಕೆ ಇಷ್ಟೇ ಸಾಕು.

2. ‘ಗೊತ್ತಾಯ್ತಾ?’ ಎಂದು ಕೇಳಬೇಡಿ. ಡಾಕ್ಟರ ಎದುರು ಎಲ್ಲರೂ ಹೂಂ ಅನ್ನುವವರೇ. ‘ಅಜ್ಜಿ, ರಾತ್ರಿ ಊಟ ಆದ್ಮೇಲೆ ಯಾವ ಮಾತ್ರೆ ತಗೋತೀರಿ, ತೋರಿಸಿ ನೋಡೋಣ’ ಅನ್ನಿ. ತಪ್ಪಾದರೆ ಇನ್ನೊಮ್ಮೆ ಹೇಳಿಕೊಡಿ, ಗದರಬೇಡಿ.

3. ಕಲಿಸಿದವರ ದುಡಿಮೆಯನ್ನು ಕಲಿತವರ ನೆನಪಿನಿಂದ ಅಳೆಯಿರಿ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ ಭೇದಿಗೆ ಉಪ್ಪು-ಬೆಲ್ಲದ ನೀರು ಮಾಡುವುದನ್ನು ಕಲಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಂದಿರ ಕೈಯಿಂದಲೇ ಮಾಡಿಸುತ್ತಿದ್ದರು. ಕೆಲವು ದಿನ ಕಳೆದು ಬೇರೊಬ್ಬರು ಬಂದು ಕೇಳುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಕಲಿಸಿದವಳಿಗೆ ಅಷ್ಟು ಸಂಬಳ. ಆದರೂ ಒಂದು ತೊಡಕು ಉಳಿಯಿತು: ಮಾಡುವುದು ಗೊತ್ತಿದ್ದರೂ ಮಗುವಿಗೆ ಭೇದಿಯಾದಾಗ ಹಲವರು ಅದನ್ನು ಕುಡಿಸುತ್ತಿರಲಿಲ್ಲ. ಯಾಕೆಂದು ಹುಡುಕಿದರೆ, ಕಲಿಸುವವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು! ಅವರನ್ನು ಢಾಕಾದ ಸಂಶೋಧನಾ ಆಸ್ಪತ್ರೆಗೆ ಕರೆದೊಯ್ದು, ಆ ನೀರಿನಿಂದ ರೋಗಿಗಳು ಚೇತರಿಸಿಕೊಳ್ಳುವುದನ್ನು ಕಣ್ಣಾರೆ ತೋರಿಸಿದರು. ಮನೆಯ ಗಂಡಸರನ್ನೂ ಸಭೆಗೆ ಕರೆದರು. ಕೊನೆಗೆ ಈ ವಿದ್ಯೆ 1.2 ಕೋಟಿಗೂ ಹೆಚ್ಚು ಮನೆಗಳಿಗೆ ತಲುಪಿತು. ಸಂಶೋಧನೆ ಎಂದರೆ ನನಗೆ ಮೊದಲು ನೆನಪಾಗುವುದು ಈ ‘ಯಾಕೆ’ ಎಂಬ ಪ್ರಶ್ನೆ.

4. ಆಶಾ ಕಾರ್ಯಕರ್ತೆಯರ ಕೈಗೆ ಕರಪತ್ರ ತುರುಕುವ ಮೊದಲು ಅವರ ಸಂಶಯ ಕೇಳಿ. ಊರಿನವರು ಅವರನ್ನು ಕೇಳುವ ಪ್ರಶ್ನೆಗಳು ನಿಮ್ಮ ಪಠ್ಯದಲ್ಲಿ ಇರಲಾರವು.

5. ಕಾಯಿಲೆಗಿಂತ ಮೊದಲು ಊರು ತಲುಪಿ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮೊದಲು ಕಾಣಿಸಿತು. ಈಗಲೂ ಮಲೆನಾಡಿನಲ್ಲಿ ಚಳಿಗಾಲ, ಬೇಸಿಗೆಗಳಲ್ಲೇ ಅದರ ಕಾಟ ಹೆಚ್ಚು. ತರಗೆಲೆ, ಸೌದೆಗೆ ಕಾಡು ಹತ್ತುವವರಿಗೆ ಈ ಕಾಯಿಲೆ ಹರಡುವ ಉಣ್ಣಿ ಕಚ್ಚುತ್ತದೆ. ಮೈಕೈಗೆ ಉಣ್ಣಿಯನ್ನು ದೂರವಿಡುವ ಡೆಪಾ ಎಣ್ಣೆ, ಮೈತುಂಬ ಬಟ್ಟೆ, ಬಂದಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಸುದ್ದಿ: ಈ ನಾಲ್ಕು ಮಾತು ಮಳೆಗಾಲ ಮುಗಿಯುತ್ತಿದ್ದಂತೆ ತಲುಪಬೇಕು. ಎಣ್ಣೆ ಹಚ್ಚಿಕೊಳ್ಳದವರು ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂಬುದನ್ನು ಕಾಡಿಗೆ ಹೋಗುವವರ ಬಾಯಿಂದಲೇ ಕೇಳಿ.

6. ‘ಮಾಡಬೇಡಿ’ ಎನ್ನುವುದನ್ನೂ ಕಲಿಸಿ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಪ್ರತಿ ಪ್ರಕರಣವೂ ಈಗ ದಾಖಲಾಗಬೇಕು. ಜನರಿಗೆ ಕಲಿಸಬೇಕಾದದ್ದು ಇಷ್ಟು: ಹಾವು ಕಡಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರ ಹಾಕಿಸುತ್ತ ಕೂರಬೇಡಿ. ಕಡಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಿಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. ನಿಮ್ಮ ತಾಲೂಕಿನಲ್ಲಿ ಆ ಆಸ್ಪತ್ರೆ ಯಾವುದು ಎಂದು ಶಾಲೆಯ ಮಕ್ಕಳಿಗೂ ಗೊತ್ತಿರಲಿ.

7. ದತ್ತು ಪಡೆದ ಮನೆಗೆ ಮತ್ತೆ ಹೋಗಿ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆಯುವ ಪದ್ಧತಿ ಈಗ ಪಠ್ಯಕ್ರಮದಲ್ಲೇ ಇದೆ. ಬಿ.ಪಿ. ನೋಡಿ, ಫೋಟೊ ಹಿಡಿದು, ದಿನಚರಿ ಪುಸ್ತಕ ತುಂಬಿಸಿದರೆ ಆ ಮನೆಗೆ ದಕ್ಕುವುದೇನು? ಬ್ರಾಕ್‌ನ ಲೆಕ್ಕ ಇಲ್ಲಿಗೂ ತನ್ನಿ: ಆ ಮನೆಯ ಅಮ್ಮ ತನ್ನ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎಷ್ಟು ಸರಿಯಾಗಿ ತೆಗೆದು ತೋರಿಸುತ್ತಾರೋ, ವಿದ್ಯಾರ್ಥಿಗೆ ಅಷ್ಟು ಅಂಕ ಕೊಡಿ.