ಕೆಂಪು ದೀಪ ಹೊತ್ತಿದೆ, ಬಾಯ್ಲರ್ ಹೊತ್ತಿಲ್ಲ

ಮಕ್ಕಳೇ, ನಮ್ಮಲ್ಲಿ ಚಳಿಗೆ ಕಂಬಳಿ ಸಾಕು. ಉತ್ತರ ಐರ್ಲೆಂಡಿನಲ್ಲಿ ಚಳಿಗಾಲ ಬಂತೆಂದರೆ ಇಡೀ ಮನೆಯನ್ನೇ ಬೆಚ್ಚಗಿಡಬೇಕು. ಅಲ್ಲಿನ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಆ ಕೆಲಸ ಎಣ್ಣೆ ಬಾಯ್ಲರಿನದು. ಅದು ಸೀಮೆಎಣ್ಣೆ ಉರಿಸಿ ನೀರು ಕಾಯಿಸುತ್ತದೆ. ಬಿಸಿನೀರು ಕೊಳವೆಗಳಲ್ಲಿ ಕೋಣೆಯಿಂದ ಕೋಣೆಗೆ ಹರಿಯುತ್ತದೆ. ಒಂದು ಬೆಳಿಗ್ಗೆ ಬಾಯ್ಲರ್ ಹೊತ್ತಲಿಲ್ಲ, ಬರ್ನರಿನ ಮೇಲೆ ಕೆಂಪು ದೀಪ ಕಾಣುತ್ತಿದೆ ಅಂತಿಟ್ಟುಕೊಳ್ಳಿ. ದೋಷ ಎಲ್ಲಿದೆ?

ಮೊದಲು ಅದು ಹೊತ್ತುವ ಕ್ರಮ ತಿಳಿಯಬೇಕು. ದ್ರವರೂಪದ ಸೀಮೆಎಣ್ಣೆ ಬರೀ ಕಿಡಿಗೆ ಸುಲಭವಾಗಿ ಹೊತ್ತುವುದಿಲ್ಲ. ಅದು ಆವಿಯಾಗಿಯೋ ಮಂಜಿನಂಥ ಹನಿಯಾಗಿಯೋ ಗಾಳಿಯಲ್ಲಿ ಬೆರೆಯಬೇಕು. ಹಳೆಯ ಪಂಪ್ ಸ್ಟೌವಿನಲ್ಲಿ ಬರ್ನರನ್ನು ಮೊದಲೇ ಯಾಕೆ ಕಾಯಿಸುತ್ತಿದ್ದರು ಅಂತ ಅಜ್ಜಿಯನ್ನು ಕೇಳಿ ನೋಡಿ! ಬಾಯ್ಲರಿನಲ್ಲಿ ಪಂಪು ಎಣ್ಣೆಯನ್ನು ಸುಮಾರು 7ರಿಂದ 10 ಬಾರ್ ಒತ್ತಡದಲ್ಲಿ ಸೂಕ್ಷ್ಮ ರಂಧ್ರದಿಂದ ಚಿಮ್ಮಿಸಿ ಮಂಜು ಮಾಡುತ್ತದೆ.

ಮೋಟಾರು ತಿರುಗುತ್ತದೆ, ಫ್ಯಾನು, ಪಂಪು ಎರಡಕ್ಕೂ ಅದೊಂದೇ. ಕೆಲವು ಸೆಕೆಂಡು ಬರೀ ಗಾಳಿ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 10,000 ವೋಲ್ಟಿಗೆ ಏರಿಸಿದಾಗ ಎಲೆಕ್ಟ್ರೋಡ್‌ಗಳ ನಡುವೆ ಕಿಡಿ ಹಾರುತ್ತದೆ. ಆಮೇಲೆ ಕ್ಲಿಕ್ ಅಂತ ವಿದ್ಯುತ್ಕಾಂತದ ಕವಾಟ ತೆರೆದು ಎಣ್ಣೆ ಬರುತ್ತದೆ. ಜ್ವಾಲೆ ಬಂತೋ ಇಲ್ಲವೋ ಅಂತ ನೋಡುವ ಕಣ್ಣು ಫೋಟೋಸೆಲ್. ಕೆಲವು ಸೆಕೆಂಡಿನಲ್ಲಿ ಅದಕ್ಕೆ ಬೆಳಕು ಕಾಣದಿದ್ದರೆ ಎಲ್ಲವೂ ನಿಂತು ಕೆಂಪು ದೀಪ ಹೊತ್ತುತ್ತದೆ. ಅಂದರೆ ದೀಪ ದೋಷವಲ್ಲ, ದೋಷದ ಸುದ್ದಿ.

ಈಗ ಗುಂಡಿಯನ್ನು ಒಂದು ಸಲ ಒತ್ತಿ ಕಿವಿಗೊಡಬೇಕು. ಮೋಟಾರು ತಿರುಗಿತು, ಹೊಗೆಕೊಳವೆಯಲ್ಲಿ ಬಿಳಿ ಮಂಜು, ಎಣ್ಣೆಯ ವಾಸನೆ ಬಂತು, ಜ್ವಾಲೆ ಮಾತ್ರ ಇಲ್ಲ. ಹಾಗಾದರೆ ಎಣ್ಣೆ ಬರುತ್ತಿದೆ, ಕಿಡಿಯ ಮೇಲೆಯೇ ಮೊದಲ ಅನುಮಾನ: ಎಲೆಕ್ಟ್ರೋಡಿನ ಅಂತರ ತಪ್ಪಿರಬಹುದು, ಪಿಂಗಾಣಿ ಬಿರುಕು ಬಿಟ್ಟಿರಬಹುದು. ವಾಸನೆಯೇ ಇಲ್ಲವೇ? ಎಣ್ಣೆಯ ದಾರಿ ಹಿಡಿಯಿರಿ. ಟ್ಯಾಂಕು ಖಾಲಿಯೇ, ಫಿಲ್ಟರ್ ಕಟ್ಟಿದೆಯೇ, ಕವಾಟ ತೆರೆಯಿತೇ? ಮೋಟಾರನ್ನೂ ಪಂಪನ್ನೂ ಜೋಡಿಸುವ ಪ್ಲಾಸ್ಟಿಕ್ ತುಂಡು ಮುರಿದರಂತೂ ಮೋಸ: ಫ್ಯಾನು ಚೆನ್ನಾಗಿ ತಿರುಗುತ್ತದೆ, ಪಂಪು ಸುಮ್ಮನೆ ಕೂತಿರುತ್ತದೆ.

ಇಷ್ಟು ತಿಳಿದರೂ ಬರ್ನರ್ ಬಿಚ್ಚುವುದು ತರಬೇತಾದ ತಂತ್ರಜ್ಞರ ಕೆಲಸ. ಹತ್ತು ಸಾವಿರ ವೋಲ್ಟು ಆಟದ ಮಾತಲ್ಲ. ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದಂತೂ ಬೇಡವೇ ಬೇಡ. ಪ್ರತಿ ಸಲವೂ ಉರಿಯದ ಎಣ್ಣೆ ಒಲೆಗೂಡಿನಲ್ಲಿ ಸೇರುತ್ತಾ ಹೋಗುತ್ತದೆ. ಕೊನೆಗೊಮ್ಮೆ ಕಿಡಿ ಹಾರಿದರೆ ಅಷ್ಟೂ ಒಟ್ಟಿಗೇ ಭುಗ್ಗೆನ್ನುತ್ತದೆ.

ನಿಮಗೊಂದು ಪ್ರಶ್ನೆ. ಬಹಳ ಬರ್ನರುಗಳ ಫೋಟೋಸೆಲ್ ಒಂದು ರೋಧಕ. ಬೆಳಕು ಬಿದ್ದರೆ ಅದರ ರೋಧ ಇಳಿಯುತ್ತದೆ. ಜ್ವಾಲೆ ಚೆನ್ನಾಗಿಯೇ ಹೊತ್ತಿತು, ಆದರೂ ಕೆಲವೇ ಸೆಕೆಂಡಿನಲ್ಲಿ ಬಾಯ್ಲರ್ ನಿಂತು ಕೆಂಪು ದೀಪ ಬಂತು. ತಂತ್ರಜ್ಞ ಬಂದು ಮುಖ್ಯ ಸ್ವಿಚ್ ಆರಿಸಿ, ಫೋಟೋಸೆಲ್ಲಿನ ಮಸಿ ಒರೆಸಿದ, ಸರಿಹೋಯಿತು. ಮಸಿ ಇದ್ದಾಗ ರೋಧ ಹೆಚ್ಚಿತ್ತೋ ಕಡಿಮೆಯಿತ್ತೋ? ಕಾರಣ ಬರೆಯಿರಿ.