ಮೇಜಿನ ಮೇಲಿನ ಆಟ, ಮೈಗೆಲ್ಲ ವ್ಯಾಯಾಮ

ಮಳೆಗಾಲ ಬಂದೊಡನೆ ಬೆಳಗಿನ ನಡಿಗೆ ತಪ್ಪಿತೆಂದು ಕೊರಗುವ ಹಿರಿಯರು ಅನೇಕರು. ವ್ಯಾಯಾಮವು ವಾರಗಟ್ಟಲೆ ನಿಂತರೆ ಕೀಲುಗಳು ಬಿಗಿಯುತ್ತವೆ. ಮಧುಮೇಹಿಗಳಿಗೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ. ಅಂಥವರು ಸೂರಿನಡಿಯಲ್ಲಿಯೇ ಆಡಬಹುದಾದ ಟೇಬಲ್ ಟೆನಿಸ್ ಕಡೆಗೆ ಗಮನ ಹರಿಸುವುದು ಒಳಿತು. ಇದು ಮಕ್ಕಳ ಆಟವೆಂಬ ಭಾವನೆ ಸರಿಯಲ್ಲ. 1982ರಿಂದ ಹಿರಿಯರಿಗಾಗಿಯೇ ವಿಶ್ವಮಟ್ಟದ ಸ್ಪರ್ಧೆ ನಡೆಯುತ್ತ ಬಂದಿದೆ. 80 ವರ್ಷ ದಾಟಿದವರಿಗೂ ಅದರಲ್ಲಿ ಪ್ರತ್ಯೇಕ ವಿಭಾಗವುಂಟು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಊಟದ ಮೇಜಿನ ಮೇಲೆ ವಿನೋದಕ್ಕಾಗಿ ಆರಂಭವಾದ ಈ ಆಟವು 1988ರಲ್ಲಿ ಸೋಲ್ ನಗರದ ಒಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಭಾರತದ ಮಹಿಳಾ ತಂಡದಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಇದ್ದರು.

ಮೇಜಿನ ಉದ್ದ 2.74 ಮೀಟರ್, ಎತ್ತರ 76 ಸೆಂಟಿಮೀಟರ್. ನಡುವಿನ ಬಲೆಯ ಎತ್ತರ 15.25 ಸೆಂಟಿಮೀಟರ್. ಸರ್ವ್ ಮಾಡುವವರು ತೆರೆದ ಅಂಗೈಯಿಂದ ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆಸೆದು, ಮೊದಲು ತಮ್ಮ ಭಾಗದಲ್ಲಿ, ಬಳಿಕ ಎದುರಾಳಿಯ ಭಾಗದಲ್ಲಿ ಪುಟಿಯುವಂತೆ ಹೊಡೆಯಬೇಕು. ಎರಡೆರಡು ಅಂಕಗಳಿಗೊಮ್ಮೆ ಸರ್ವ್ ಕೈ ಬದಲಾಗುತ್ತದೆ. 11 ಅಂಕ ಮೊದಲು ಗಳಿಸಿದವರಿಗೆ ಗೆಲುವು. ಆದರೆ ಇಬ್ಬರೂ 10ರಲ್ಲಿ ಸಮವಾದರೆ ಎರಡು ಅಂಕಗಳ ಅಂತರ ಬೇಕು.

ಚೆಂಡಿನ ತೂಕ ಕೇವಲ 2.7 ಗ್ರಾಂ. ಆದುದರಿಂದ ಇಲ್ಲಿ ತೋಳ್ಬಲಕ್ಕಿಂತ ಕಣ್ಣು, ಕೈ, ಕಾಲುಗಳ ಹೊಂದಾಣಿಕೆಯೇ ಮುಖ್ಯ. ಬ್ಯಾಟಿನ ರಬ್ಬರು ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿದರೆ ಅದು ಮುಂದಕ್ಕೆ ತಿರುಗುತ್ತ ಬೇಗ ಕೆಳಗಿಳಿದು, ಮೇಜಿಗೆ ತಾಗಿದೊಡನೆ ಮುನ್ನುಗ್ಗುತ್ತದೆ. ತಳಭಾಗವನ್ನು ಸವರಿದರೆ ಹಿಂದಕ್ಕೆ ತಿರುಗುತ್ತದೆ. ಅಂಥ ಚೆಂಡನ್ನು ಸುಮ್ಮನೆ ತಳ್ಳಿದವರದು ಬಲೆಗೇ ಬೀಳುತ್ತದೆ. ಈ ತಿರುಗುವಿಕೆಯನ್ನು ಕ್ಷಣಾರ್ಧದಲ್ಲಿ ಗುರುತಿಸಿ ಹೆಜ್ಜೆಯಿಡಬೇಕಾದುದರಿಂದ ದೇಹದೊಂದಿಗೆ ಮನಸ್ಸೂ ದುಡಿಯುತ್ತದೆ. ಕೇವಲ ನಡಿಗೆಯಲ್ಲಿ ಈ ಲಾಭವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಆದರೂ ಎಚ್ಚರಿಕೆ ಅಗತ್ಯ. ಹಿರಿಯರಿಗೆ ದೊಡ್ಡ ಅಪಾಯ ಜಾರಿ ಬೀಳುವುದು. ಬರಿಯ ಕಾಲುಚೀಲದಲ್ಲಿಯಾಗಲಿ, ಒದ್ದೆ ನೆಲದ ಮೇಲಾಗಲಿ ಆಡಲೇಬಾರದು. ಉರುಳಿದ ಚೆಂಡಿನ ಹಿಂದೆ ಓಡದೆ, ನಿಧಾನವಾಗಿ ಮೊಣಕಾಲು ಮಡಿಸಿ ಎತ್ತಿಕೊಳ್ಳಬೇಕು. ಹೃದ್ರೋಗವುಳ್ಳವರು ವೈದ್ಯರ ಅನುಮತಿ ಪಡೆದೇ ಆರಂಭಿಸಲಿ. ಆಡುವಾಗ ಎದೆ ಹಿಡಿದಂತಾದರೆ ಕೂಡಲೇ ನಿಲ್ಲಿಸಿ ಚಿಕಿತ್ಸೆ ಪಡೆಯಲಿ.

ನಡೆಯಲಾಗದವರಿಗೂ ಈ ಆಟ ದೂರವಲ್ಲ. ಗುಜರಾತಿನ ಭಾವಿನಾ ಪಟೇಲ್ ಗಾಲಿಕುರ್ಚಿಯಲ್ಲಿ ಕುಳಿತೇ ಆಡಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಪಡೆದರು. ಇನ್ನು ಜೊತೆಗಾರರು ಸಿಗದಿದ್ದರೆ, ಮಡಿಚುವ ಮೇಜಿನ ಒಂದು ಭಾಗವನ್ನು ನೇರ ನಿಲ್ಲಿಸಿ, ಅದಕ್ಕೆ ಚೆಂಡು ಹೊಡೆದು ಒಬ್ಬರೇ ಅಭ್ಯಾಸ ಮಾಡಬಹುದು. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು.