ಬಾಟಲಿಯ ಮೇಲೆ ಕೋಟೆಯೋ, ಆಲದ ಮರವೋ?

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ಊರಿಗೆ ಬರುವಾಗ ವೈನ್ ಬಾಟಲಿ ತಂದಿದ್ದ. ಲೇಬಲ್ ಮೇಲೆ ಆಲದ ಮರ. ಅವನ ಗೆಳೆಯ ತಂದ ಫ್ರಾನ್ಸಿನ ಬಾಟಲಿ ಮೇಲೆ ಕೋಟೆಯಂಥ ಮನೆ, ಓದಲು ಬಾರದ ಬಳುಕು ಅಕ್ಷರ. ಹಳೇ ನಮೂನಿ ಲೇಬಲ್ ಇದ್ದದ್ದೇ ಅಸಲಿ, ಚಿತ್ರಗಿತ್ರ ಹಚ್ಚಿದ್ದೆಲ್ಲ ಅಗ್ಗದ ಮಾಲು ಅಂತ ಆ ಗೆಳೆಯನ ವಾದ. ಇದು ಖರೇನ್ರಿ?
– ಓದುಗರು, ಹಿಡಕಲ್

ಉತ್ತರ: ಖರೆ ಅಲ್ಲ. ಆದರೆ ಆ ನಂಬಿಕೆ ಸುಮ್ಮನೆ ಹುಟ್ಟಿದ್ದೂ ಅಲ್ಲ.

ವೈನನ್ನು ರುಚಿ ನೋಡಿ ಕೊಳ್ಳುವಂತಿಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ಒಳ್ಳೆಯ ವೈನ್ ಕೊಂಡವರು ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿಟ್ಟು ಆಮೇಲೆ ತೆಗೆಯುವುದುಂಟು. ಅಷ್ಟು ಕಾಲ ನಂಬಿ ಕೂರಬೇಕಾದರೆ ಅಪ್ಪ ಕೊಂಡ ಬಾಟಲಿಯೂ ಮಗ ಕೊಳ್ಳುವ ಬಾಟಲಿಯೂ ಒಂದೇ ಥರ ಕಾಣಬೇಕು. ನಿಮ್ಮ ಗೋಕಾಕದ ಪೇಟೆಯಲ್ಲಿ ಕರದಂಟು ಕೊಳ್ಳುವವರು ಹಳೆಯ ಅಂಗಡಿಯ ಹಳೆಯ ಪೆಟ್ಟಿಗೆಯನ್ನೇ ಕೇಳುವುದಿಲ್ಲವೇ, ಹಾಗೆ. ಬೋರ್ಡೋದಲ್ಲಿ 1855ರಲ್ಲಿ ಮಾಡಿದ ದರ್ಜೆ ಪಟ್ಟಿಯೇ ಹೆಚ್ಚುಕಡಿಮೆ ಇಂದಿಗೂ ನಡೆಯುತ್ತಿದೆ. ಅಂಥ ಕಡೆ ಲೇಬಲ್ ಬದಲಿಸುವುದೆಂದರೆ ದೇವರ ಮುಖವಾಡ ಬದಲಿಸಿದಷ್ಟೇ ಗಲಾಟೆ.

ಆ ಗಲಾಟೆ ಮೊದಲು ಎಬ್ಬಿಸಿದ್ದು ಅಲ್ಲಿಯದೇ ಒಂದು ದೊಡ್ಡ ಮನೆತನ, ಶಾಟೋ ಮುಟೋನ್ ರಾಥ್‌ಶೀಲ್ಡ್. ಆಗ ವೈನ್ ಪೀಪಾಯಿಗಳಲ್ಲಿ ವ್ಯಾಪಾರಿಗಳಿಗೆ ಹೋಗುತ್ತಿತ್ತು. ಬಾಟಲಿಗೆ ತುಂಬಿ ಲೇಬಲ್ ಅಂಟಿಸುವುದು ಅವರ ಕೆಲಸ. ನಡುವೆ ಏನು ಬೆರೆಸಿದರೂ ತೋಟದವನಿಗೆ ಗೊತ್ತಾಗದು. 1924ರಲ್ಲಿ ಫಿಲಿಪ್ ಡಿ ರಾಥ್‌ಶೀಲ್ಡ್ ಎಂಬ ಹರೆಯದ ಮಾಲೀಕ ಇನ್ನು ಮುಂದೆ ತೋಟದಲ್ಲೇ ಬಾಟಲಿ ತುಂಬುವುದೆಂದು ನಿರ್ಧರಿಸಿದ. ಅದನ್ನು ಸಾರಲು ಜ್ಯಾಂ ಕಾರ್ಲು ಎಂಬ ಪೋಸ್ಟರ್ ಕಲಾವಿದನಿಂದ ಕ್ಯೂಬಿಸ್ಟ್ ಶೈಲಿಯ ಲೇಬಲ್ ಬರೆಸಿದ. ಸಂಪ್ರದಾಯಸ್ಥರು ಮೂಗು ಮುರಿದರು, ಆ ಲೇಬಲ್ ಬೇಗನೇ ಮೂಲೆ ಸೇರಿತು. ಆತ ಮಾತ್ರ ಹಟ ಬಿಡಲಿಲ್ಲ. 1945ರಲ್ಲಿ, ಯುದ್ಧ ಮುಗಿದ ಸಂತೋಷಕ್ಕೆ, ವಿಜಯದ ‘ವಿ’ ಅಕ್ಷರ ಹೊತ್ತ ಲೇಬಲ್ ತಂದ. ಅಂದಿನಿಂದ ವರ್ಷಕ್ಕೊಬ್ಬ ಕಲಾವಿದ: ಡಾಲಿ, ಹೆನ್ರಿ ಮೂರ್, ಶಾಗಾಲ್, ವಾರ್ಹೊಲ್. 2009ರ ಲೇಬಲ್ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರದು. ಕಲಾವಿದರಿಗೆ ಸಂಭಾವನೆ ದುಡ್ಡಲ್ಲ, ವೈನ್ ಪೆಟ್ಟಿಗೆಗಳು. 1973ರಲ್ಲಿ ಈ ಮನೆತನ ಎರಡನೇ ದರ್ಜೆಯಿಂದ ಒಂದನೇ ದರ್ಜೆಗೆ ಏರಿತು. ಆ ವರ್ಷದ ಲೇಬಲ್ ಮೇಲೆ ಪಿಕಾಸೊ ಚಿತ್ರ. 1993ರಲ್ಲಿ ಬಾಲ್ತ್ಯೂಸ್ ಬರೆದ ಬೆತ್ತಲೆ ಹುಡುಗಿಯ ರೇಖಾಚಿತ್ರಕ್ಕೆ ಅಮೆರಿಕದಲ್ಲಿ ಆಕ್ಷೇಪ ಬಂದು, ಅಲ್ಲಿಗೆ ಆ ಜಾಗವನ್ನು ಖಾಲಿ ಬಿಟ್ಟು ಕಳಿಸಿದರು. ಸಂಗ್ರಹಕಾರರು ಎರಡನ್ನೂ ಕೊಂಡರು!

ಅಂದರೆ ಜಗತ್ತಿನ ಅತಿ ದುಬಾರಿ ವೈನ್‌ಗಳ ಪೈಕಿ ಒಂದು ವರ್ಷವರ್ಷವೂ ಹೊಸ ಚಿತ್ರ ಹೊತ್ತು ಬರುತ್ತದೆ. ಗೆಳೆಯನ ವಾದ ಅಲ್ಲಿಗೆ ಬಿತ್ತು. ಅವನ ಸಂಶಯ ಬಂದಿರುವುದು ಇನ್ನೊಂದು ದಿಕ್ಕಿನಿಂದ ಇರಬೇಕು. 2001ರಲ್ಲಿ ಆಸ್ಟ್ರೇಲಿಯದ ಯೆಲ್ಲೋ ಟೇಲ್ ಎಂಬ ಅಗ್ಗದ ವೈನ್ ಕಾಂಗರೂ ಜಾತಿಯ ಪ್ರಾಣಿಯ ಚಿತ್ರ ಹಚ್ಚಿಕೊಂಡು ಅಮೆರಿಕದಲ್ಲಿ ಭರ್ಜರಿ ಮಾರಾಟವಾಯಿತು. ಹಿಂದೆಯೇ ಕಪ್ಪೆ, ಪೆಂಗ್ವಿನ್, ಕುದುರೆ ಎಲ್ಲ ಬಂದವು. ಪ್ರಾಣಿ ಕಂಡರೆ ಅಗ್ಗದ್ದು ಎಂಬ ಮಾತು ಹುಟ್ಟಿದ್ದು ಹಾಗೆ.

ನಮ್ಮ ರಾಜ್ಯಕ್ಕೆ ಬನ್ನಿ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಶುರುವಾದ ಗ್ರೋವರ್ ತೋಟದ ಹೆಸರಾಂತ ಕೆಂಪು ವೈನಿಗೆ ಫ್ರೆಂಚ್ ಹೆಸರು, ‘ಲಾ ರಿಸರ್ವ್’. ಮಿಶೆಲ್ ರೋಲಾಂ ಎಂಬ ಫ್ರೆಂಚ್ ಸಲಹೆಗಾರರೂ ಜೊತೆಗಿದ್ದರು. ಅದೇ ಸಂಸ್ಥೆ ಆಮೇಲೆ ಭಾರತೀಯ ಚಿತ್ರಕಾರರ ಕೃತಿಗಳನ್ನು ಹೊತ್ತ ‘ಆರ್ಟ್ ಕಲೆಕ್ಷನ್’ ತಂದಿತು. ನಾಸಿಕದ ಸುಲಾ ಮೀಸೆ ಹೊತ್ತ ಸೂರ್ಯನನ್ನು ಅಂಟಿಸಿತು. ನಿಮ್ಮ ಮಗ ತಂದದ್ದು ಬಹುಶಃ ಬಿಗ್ ಬನಿಯನ್. ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರದು. ರಾಮೋಹಳ್ಳಿಯ ದೊಡ್ಡ ಆಲದ ಮರವೇ ಅದರ ಹೆಸರಿಗೂ ಚಿತ್ರಕ್ಕೂ ಮೂಲ. ಇಲ್ಲದ ಕೋಟೆ ಬರೆಸಿಕೊಳ್ಳುವುದಕ್ಕಿಂತ ಇರುವ ಮರ ಬರೆಸಿಕೊಂಡದ್ದು ನನ್ನ ಕಣ್ಣಿಗೆ ಮರ್ಯಾದೆಯ ಕೆಲಸ. ಆದರೆ ದ್ರಾಕ್ಷಿ ಆ ಮರದ ಊರಿನದೇ ಎಂದು ಮಾತ್ರ ಚಿತ್ರ ನೋಡಿ ಲೆಕ್ಕ ಹಾಕಬೇಡಿ.

ನಮ್ಮಲ್ಲಿ ಲೇಬಲ್‌ಗೆ ಇನ್ನೊಂದು ಭಾರವಿದೆ. ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕುವಂತಿಲ್ಲ. ಸಣ್ಣ ವೈನರಿಗೆ ಅಂಗಡಿಯ ಕಪಾಟೇ ಜಾಹೀರಾತು. ಅದೂ ನಮ್ಮ ‘ವೈನ್ ಶಾಪ್’ಗಳಲ್ಲಿ ವೈನಿಗೆ ಸಿಗುವುದು ವಿಸ್ಕಿಯ ಪಕ್ಕದ ಒಂದು ಮೂಲೆ. ಆರಡಿ ದೂರದಿಂದ ಕಣ್ಣಿಗೆ ಬೀಳದಿದ್ದರೆ ಮುಗಿಯಿತು. ಮೇಲಾಗಿ ಪ್ರತಿ ಲೇಬಲ್‌ಗೂ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು, ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಗೆ ಜಾಗ ಬಿಡಬೇಕು. ಮುಟೋನ್‌ನವರಂತೆ ವರ್ಷಕ್ಕೊಂದು ಚಿತ್ರ ಎಂದು ಹೊರಟರೆ ಇಲ್ಲಿ ಕಾಗದಪತ್ರಕ್ಕೇ ಒಬ್ಬರನ್ನು ಇಡಬೇಕಾದೀತು.

ನಿಮ್ಮ ಸೀಮೆಗೂ ಇದು ದೂರದ ಮಾತಲ್ಲ. ಹಿಡಕಲ್ಲಿನ ಘಟಪ್ರಭೆ ಹೋಗಿ ಸೇರುವ ಕೃಷ್ಣೆಯ ಕೊಳ್ಳವನ್ನು ರಾಜ್ಯ ಸರ್ಕಾರ ವೈನ್ ದ್ರಾಕ್ಷಿಯ ಸೀಮೆ ಎಂದು ಗುರುತಿಸಿದೆ. ಅಥಣಿ, ವಿಜಯಪುರದ ಕಡೆಯ ದ್ರಾಕ್ಷಿ ಸದ್ಯಕ್ಕೆ ಬಹುಪಾಲು ಒಣದ್ರಾಕ್ಷಿಯಾಗಿ ಹೋಗುತ್ತಿದೆ. ಮುಂದೆ ಅಲ್ಲಿಂದ ಬಾಟಲಿ ಬಂದರೆ ಅದರ ಮೇಲೆ ಫ್ರಾನ್ಸಿನ ಮಹಲು ಬೇಡ.

ಕೊಳ್ಳುವಾಗ ಮಾತ್ರ ಬಾಟಲಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ: ದ್ರಾಕ್ಷಿಯ ತಳಿ ಯಾವುದು, ಎಲ್ಲಿ ತಯಾರಾಯಿತು, ತುಂಬಿದವರು ಯಾರು, ಇಸವಿ ಎಷ್ಟು. ನಮ್ಮ ಅಂಗಡಿಗಳ ಸೆಕೆಯಲ್ಲಿ ಸಾಧಾರಣ ಬೆಲೆಯ ಬಿಳಿ ವೈನ್ ಹೆಚ್ಚು ದಿನ ಬಾಳುವುದಿಲ್ಲ. ಇಸವಿ ನಾಲ್ಕೈದು ವರ್ಷ ಹಳೆಯದಿದ್ದರೆ, ಮುಂದೆ ಯಾವ ಚಿತ್ರವೇ ಇರಲಿ, ಕೊಳ್ಳಬೇಡಿ.